ಆರು ಪುಟದ ನೋಟ್‌ಬುಕ್

"ಎರಡು ತಿಂಗಳಿಗೆ ಆರೇ ಪುಟ! ಇದೇನು ಸ್ಕೂಲೋ, ಸಂತೆಯೋ?"

ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಂದ್ರಮೋಹನ ಮಗಳ ವಿಜ್ಞಾನದ ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದರು. ಇಪ್ಪತ್ತು ವರ್ಷ ಕಚೇರಿಯ ಫೈಲು ನೋಡಿದವರು ಅವರು. ಬರೆದಿಡದ ಕೆಲಸ ಅವರ ಪಾಲಿಗೆ ನಡೆದೇ ಇಲ್ಲ. ಹೊಸ ಟೀಚರ್ ನೋಟ್ಸ್ ಬರೆಸದೆ ಮಕ್ಕಳನ್ನು ಮಾತಾಡಲು ಬಿಡುತ್ತಾರೆಂದು ದೂರು ಬರೆದು, ಹನ್ನೊಂದು ಮಂದಿ ಪೋಷಕರ ಸಹಿಯನ್ನೂ ಹಾಕಿಸಿದ್ದರು. ನಾಳೆ ಅದು ಪ್ರಿನ್ಸಿಪಾಲರ ಕೈಗೆ ಹೋದರೆ ತರಗತಿ ಮತ್ತೆ ಡಿಕ್ಟೇಶನ್ನಿಗೆ ಮರಳುವುದು ಖಚಿತ.

"ಕೊಡಬೇಡಿ ಪಪ್ಪಾ, ಪ್ಲೀಸ್," ಎಂದಳು ಏಳನೆಯ ತರಗತಿಯ ಸ್ಫೂರ್ತಿ. "ಆ ಕ್ಲಾಸಲ್ಲಿ ಮಾತ್ರ ನಿನಗೇನು ಅನ್ನಿಸುತ್ತೆ ಅಂತ ಕೇಳ್ತಾರೆ."

ಕೂಗು ಕೇಳಿ ಮೇಲಿನ ಮನೆಯ ಹಂಸಾ ಇಳಿದು ಬಂದರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು.

"ಚಂದ್ರಮೋಹನ್ ಅವರೇ, ನಿಮ್ಮ ದನಿಯ ಮುಂದೆ ನಮ್ಮನೆ ಟಿವಿ ಸೋತು ಹೋಯ್ತು."

"ನೀವೇ ನೋಡಿ ಮೇಡಂ, ಹೋದ ವರ್ಷದ್ದು!" ಚಂದ್ರಮೋಹನ ಹಳೆಯ ನೋಟ್‌ಬುಕ್ ತೆರೆದರು. ಆವಿಯಾಗುವಿಕೆಯ ವ್ಯಾಖ್ಯೆ, ಮುತ್ತಿನಂಥ ಅಕ್ಷರ, ಹತ್ತಕ್ಕೆ ಹತ್ತು.

"ಅಚ್ಛಾ. ಆಗ ಇದು ಅರ್ಥ ಆಗಿತ್ತೇನೇ ಸ್ಫೂರ್ತಿ?"

"ಇಲ್ಲ ಆಂಟಿ, ಬೋರ್ಡ್ ನೋಡಿ ಬರೆದೆ, ಅಷ್ಟೇ. ಈಗಿನ ಟೀಚರ್, ನೀರು ತುಂಬಿದ ಕೂಲರ್ ಓಡುವಾಗ ಎದುರಿನ ಕಿಟಕಿ ತೆಗೀಬೇಕಾ, ಮುಚ್ಚಬೇಕಾ ಅಂತ ಕೇಳಿದ್ರು. ಪಕ್ಕದವಳ ಜೊತೆ ವಾದ ಮಾಡಿ, ಮನೇಲಿ ಟೆಂಪರೇಚರ್ ಅಳೆದು ಬನ್ನಿ ಅಂದ್ರು. ಪಪ್ಪಾ ಕಿಟಕಿ ಮುಟ್ಟೋಕೇ ಬಿಡಲ್ಲ!"

"ತಂಪೆಲ್ಲ ಹೊರಗೆ ಹೋಗುತ್ತೆ ಕಣೇ!"

"ನಹೀ ಪಪ್ಪಾ! ಒದ್ದೆ ಗಾಳಿ ಒಳಗೇ ನಿಂತ್ರೆ ನೀರು ಆವಿ ಆಗೋದೇ ನಿಧಾನ. ತಂಪು ಎಲ್ಲಿಂದ ಬರಬೇಕು?"

ಹಂಸಾ ಮನೆಯಿಂದ ಥರ್ಮಾಮೀಟರ್ ತಂದು ಗೋಡೆಗೆ ನೇತುಹಾಕಿದರು. ಮೂವತ್ತನಾಲ್ಕು ಡಿಗ್ರಿ. ಸ್ಫೂರ್ತಿ ಓಡುತ್ತಿದ್ದ ಕೂಲರಿನ ಎದುರಿನ ಕಿಟಕಿ ತೆರೆದಳು. ಅರ್ಧ ಗಂಟೆಯಲ್ಲಿ ಮೂವತ್ತೊಂದು.

ಚಂದ್ರಮೋಹನ ಎರಡು ಸಲ ಓದಿ ನೋಡಿದರು. "ಆವಿಯಾಗುವಿಕೆಗೆ ನನಗೂ ಹತ್ತಕ್ಕೆ ಹತ್ತು ಬಂದಿತ್ತು," ಎಂದರು ಮೆಲ್ಲಗೆ.

"ನನಗೆ ಮೈ ಉರಿಯೋದೇ ಅದಕ್ಕೆ!" ಹಂಸಾ ದನಿ ಏರಿತು. "ಇಂಥ ಹತ್ತಕ್ಕೆ ಹತ್ತು ತಗೊಂಡ ಮಕ್ಕಳೇ ನನ್ನ ಕ್ಲಾಸಿಗೆ ಬರ್ತಾರೆ. ಯಾಕೆ ಅಂತ ಕೇಳಿದ್ರೆ ತಲೆ ತಗ್ಗಿಸ್ತಾರೆ. ಹನ್ನೆರಡು ವರ್ಷ ಬಾಯಿ ಮುಚ್ಚಿಸಿ ಕೂರಿಸಿದವರು ಯಾರು? ಬಾಯಿ ತೆರೆಸೋ ಟೀಚರ್ ಒಬ್ಬರು ಬಂದ್ರೆ ಅವರ ಮೇಲೇ ದೂರು!"

ಚಂದ್ರಮೋಹನ ದೂರಿನಲ್ಲಿದ್ದ ತಮ್ಮ ಸಹಿಯ ಮೇಲೆ ಗೆರೆ ಎಳೆದು, ದಿನಾಂಕ ಹಾಕಿದರು. ಚಪ್ಪಲಿ ಮೆಟ್ಟಿಕೊಂಡು, "ಆ ಹನ್ನೊಂದು ಮನೆಗೂ ನಾನೇ ಹೋಗ್ತೀನಿ. ಸ್ಫೂರ್ತಿ, ನೀನೂ ಬಾ. ಕಿಟಕಿ ಯಾಕೆ ತೆಗೀಬೇಕು ಅಂತ ನನ್ನಿಂದ ಹೇಳೋಕಾಗಲ್ಲ, ನೀನು ಹೇಳು," ಎಂದರು.

ಪೋಷಕರೇ, ಮಗುವಿನ ನೋಟ್‌ಬುಕ್ಕಿನ ಪುಟ ಎಣಿಸುವುದನ್ನು ಇಂದೇ ನಿಲ್ಲಿಸಿ. ಇವತ್ತು ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿದೆ, ಏನು ಮಾಡಿ ನೋಡಿದೆ, ಯಾರೊಡನೆ ವಾದ ಮಾಡಿದೆ ಎಂದು ಕೇಳಿ. ದಿನವೂ "ಏನೂ ಇಲ್ಲ" ಎಂಬ ಉತ್ತರವೇ ಬಂದರೆ ಸುಮ್ಮನಿರಬೇಡಿ. ಶಾಲೆಯ ಬಾಗಿಲಿಗೆ ಹೋಗಿ ಸಿಟ್ಟು ಮಾಡಬೇಕಾದ ದಿನ ಅದು.