ಕೆಂಪಕ್ಕನ ಅಪ್ಪಣೆ

ಗಂಗರತ್ನಮ್ಮನಿಗೆ ಕೊಡಿಗೇನಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸದ ಆರ್ಡರು ಬಂದಿತ್ತು. ಎಪ್ಪತ್ತೆಂಟರ ಜೂನ್ ತಿಂಗಳು. ಸೋಮವಾರ ಹಾಜರಾಗದಿದ್ದರೆ ಕೆಲಸ ಬೇರೆಯವರ ಪಾಲು. ಭಾನುವಾರ ಬೆಳಿಗ್ಗೆ ಅವಳು ಟ್ರಂಕು ತುಂಬುತ್ತಿರುವಾಗಲೇ ಗಂಡನ ಅಕ್ಕ ಕೆಂಪಕ್ಕನ ಮೈಮೇಲೆ ದೇವರು ಬಂತು.

ಬರಗೂರಿನ ಆ ಮನೆಯಲ್ಲಿ ದೇವರು ಬಂದರೆ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಅಪ್ಪಣೆ ಕೇಳಬೇಕು, ಕೇಳಿದ್ದನ್ನು ನಡೆಸಬೇಕು. ಮಾವ ಮೂಡಲಗಿರಿಯಪ್ಪ ಭಂಡಾರದ ತಟ್ಟೆ ಹಿಡಿದು ಬಂದರು.

"ಸೊಸೆ ಊರ ಗಡಿ ದಾಟಿದ್ರೆ ಈ ಮನೇಲಿ ಹೆಣ ಬೀಳ್ತದೆ" ಎಂದಿತು ಕೆಂಪಕ್ಕನ ಮೈಮೇಲಿನ ದೇವರು.

ಗಂಡ ದಾಸಣ್ಣ ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆಯತೊಡಗಿದ.

ಗಂಗರತ್ನಮ್ಮ ಇದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಕೆಂಪಕ್ಕ ಅವಳನ್ನು ಲಕ್ಷ್ಮಿ ಎಂದು ಕರೆದು ತಲೆ ಬಾಚುತ್ತಿದ್ದಳು. ದಾಸಣ್ಣ ಹೆಂಡತಿಯನ್ನು ಒಂದು ದಿನ ಶಿರಾಕ್ಕೆ ಕರೆದೊಯ್ದು ಬಂದದ್ದೇ ತಡ, ಲಕ್ಷ್ಮಿ ಹೋಗಿ ಮನೆಮುರುಕಿಯಾದಳು. ಕೆಂಪಕ್ಕ ಬಳೆ ಒಡೆದು ಕೈ ಗೀರಿಕೊಂಡದ್ದೂ ಅಂದೇ. ಗೀರಿದ್ದು ಸೊಸೆಯೆಂದು ನೆರೆಯವರಿಗೆ ಹೇಳಿದಳು. ಮಾರನೆಯ ದಿನ ಅದೇ ಸೊಸೆಗೆ ಹೋಳಿಗೆ ತಟ್ಟಿಕೊಟ್ಟಳು.

ಗಂಗರತ್ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ್ದಳು, ನಿಜ. ಆದರೆ ಅವಳಿಗೆ ಅನುಮಾನ ಹುಟ್ಟಿದ್ದು ಅಜ್ಜಿ ಕಾಟಮ್ಮನ ನೆನಪಿನಿಂದ. ಅಜ್ಜಿಯ ಮೈಮೇಲೂ ದೇವರು ಬರುತ್ತಿತ್ತು. ಇಳಿದ ಮೇಲೆ ಅಜ್ಜಿಗೆ ಏನೂ ನೆನಪಿರುತ್ತಿರಲಿಲ್ಲ; ಆ ದೇವರು ಅಜ್ಜಿಗಾಗಿ ಏನನ್ನೂ ಕೇಳಿದ್ದಿಲ್ಲ. ಕೆಂಪಕ್ಕನ ದೇವರು ಯಾರಾದರೂ ಅವಳನ್ನು ಬಿಟ್ಟು ಹೊರಟ ದಿನವೇ ಬರುತ್ತಿತ್ತು, ಯಾರು ಯಾರು ನೋಡುತ್ತಿದ್ದಾರೆಂದು ಅರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿತ್ತು.

"ಮಾವ, ಗುಡೀಲಿ ಹೂವು ಕೇಳೋಣ. ದೇವರ ಮೇಲಿನ ಹೂವು ಎಡಕ್ಕೆ ಬಿದ್ರೆ ನಾನು ಹೋಗಲ್ಲ" ಎಂದಳು.

ಕೆಂಪಕ್ಕನ ನಡುಕ ಥಟ್ಟನೆ ನಿಂತಿತು.

"ನೋಡ್ಲಾ ದಾಸ, ಮೊನ್ನೆ ಬಂದೋಳು ನಿನ್ನ ಒಡಹುಟ್ಟಿದ ಅಕ್ಕನ್ನೇ ಕಳ್ಳಿ ಮಾಡ್ತಾವ್ಳೆ. ನಿನ್ನ ಎತ್ತಿ ಆಡಿಸಿದೋಳು ನಾನು ಕಣ್ಲಾ."

ಮೂಡಲಗಿರಿಯಪ್ಪ ತಟ್ಟೆಯನ್ನು ನೆಲಕ್ಕಿಟ್ಟರು. "ಇಷ್ಟು ವರ್ಷ ಯಾರಿಗೆ ಕೈಮುಗಿದ್ನವ್ವ ನಾನು?"

ಕೆಂಪಕ್ಕ ಬಾವಿಯ ಕಡೆ ಓಡಿದಳು. ದಾಸಣ್ಣ ಹಿಂದೆಯೇ ಓಡಿ ರಟ್ಟೆ ಹಿಡಿದ. ಇದೂ ಆಟ, ಬೀಳಲಾರಳು ಎಂದು ಗಂಗರತ್ನಮ್ಮ ಎಣಿಸಲಿಲ್ಲ. ಕೆಂಪಕ್ಕನ ಆಟದಲ್ಲಿ ರಕ್ತ ಮಾತ್ರ ಯಾವಾಗಲೂ ನಿಜವಾಗಿರುತ್ತಿತ್ತು.

"ಒಂದು ಗಳಿಗೇನೂ ಅಕ್ಕನ್ನ ಒಂಟಿ ಬಿಡಬೇಡಿ" ಎಂದಳು ಗಂಡನಿಗೆ. "ನಾಳೇನೇ ತುಮಕೂರಿಗೆ ಡಾಕ್ಟರ ಹತ್ರ ಕರ್ಕೊಂಡೋಗಿ. ನನ್ನ ತಡೀಬೇಡಿ."

"ನಿನ್ನ ವಂಶ ಹಾಳಾಗ, ಲೇ" ಎಂದಳು ಕೆಂಪಕ್ಕ. ಅದೇ ಉಸಿರಿನಲ್ಲಿ, "ರತ್ನ, ನನ್ನ ಬುಟ್ಟು ಹೋಗ್ಬೇಡ ಕಣವ್ವ" ಎಂದು ಅತ್ತಳು. ಶಾಪಕ್ಕೆ ನಿಲ್ಲದೆ ಒಳಗೆ ಹೊರಟಿದ್ದ ಗಂಗರತ್ನಮ್ಮನ ಕಾಲು ಆ ಅಳುವಿಗೆ ಒಂದು ಕ್ಷಣ ನಿಂತಿತು. ಆಮೇಲೆ ಒಳಗೆ ಹೋಗಿ ಸೀರೆಗಳನ್ನು ಮತ್ತೆ ಟ್ರಂಕಿಗೆ ತುರುಕಿದಳು.

ಮೂಡಲಗಿರಿಯಪ್ಪ ಟ್ರಂಕು ಹೊತ್ತು ಮುಂದೆ ನಡೆದರು. ಶಿರಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಹೋಗಿ ಬಾ ಎನ್ನಲಿಲ್ಲ; "ಹೋಗವ್ವ, ಅಲ್ಲೇ ಇರು" ಎಂದರು.