ಉತ್ತರ ಕೊಡದ ಗೇಜು

ಮಂಜುಶ್ರೀ ಗೇಜಿನ ಯುಎಸ್‌ಬಿ ಕೇಬಲ್ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಆದರೂ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಅಂಕಿ ಮೂಡಿತು: 12.04. ಮತ್ತೆ ಗುಂಡಿ ಒತ್ತಿದಳು. ಮತ್ತೆ 12.04.

ಹೊರರಾಜ್ಯದ ವಾಳೂಜಿನ ಆ ಕಾರ್ಖಾನೆಯಲ್ಲಿ ಪಿನ್ನುಗಳ ದಪ್ಪ ಅಳೆಯುವ ಗೇಜಿಗೆ ಸ್ವಂತ ಪರದೆ ಇರಲಿಲ್ಲ. ಕೇಬಲ್ ಮೂಲಕ ಅದರಿಂದ ಅಳತೆ ಕೇಳಿ ಪಡೆದು ಕಂಪ್ಯೂಟರಿನಲ್ಲಿ ತೋರಿಸುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆದವಳು ಅವಳೇ. ಮೊದಮೊದಲು ಗೇಜು ಉತ್ತರ ಕೊಡದಾಗಲೆಲ್ಲ ಪ್ರೋಗ್ರಾಮು ನಿಂತುಬಿಡುತ್ತಿತ್ತು. ಕಂಪನಿಯ ದೊಡ್ಡವರ ಮುಂದೆ ತೋರಿಸುವ ದಿನ ಮಾನ ಹೋಗಬಾರದೆಂದು ಎರಡು ಸಾಲು ಸೇರಿಸಿದ್ದಳು: ಉತ್ತರ ಬಾರದಿದ್ದರೆ ಸುಮ್ಮನೆ ಮುಂದೆ ಸಾಗು. ಆಗ ಹಿಂದಿನ ಅಂಕಿಯೇ ಉಳಿಯುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಆಮೇಲೆ ಆ ಸಾಲುಗಳನ್ನು ಮರೆತೇಬಿಟ್ಟಿದ್ದಳು.

ಹಿಂದಿನ ದಿನ ಗೇಜಿನ ಮುಂದೆ ಕೂತಿದ್ದವಳು ಭಾಲ್ಕಿ ಕಡೆಯ ಗುತ್ತಿಗೆ ಕೆಲಸದ ಸಂಗಮ್ಮ. ಅರ್ಧ ದಿನ ಒಂದೇ ಅಂಕಿ ಬಂದದ್ದನ್ನು ಕಂಡು ಸೂಪರ್‌ವೈಸರ್ ರೇವಣಪ್ಪ ಎಲ್ಲರೆದುರು ಎಗರಾಡಿದ್ದ. ಒಂದೇ ಪಿನ್ನು ಇಟ್ಟು ಗುಂಡಿ ಒತ್ತುತ್ತ ಕೂತು ಮೋಸ ಮಾಡಿದ್ದಾಳೆಂದು.

"ಒಂದೊಂದೇ ಇಟ್ಟು ಅಳದೀನ್ರಿ ಸಾಹೇಬ್ರ. ಬೇಕಾದ್ರ ಮಂಜಕ್ಕಗ ಕೇಳ್ರಿ," ಎಂದಿದ್ದಳು ಸಂಗಮ್ಮ.

ಮಂಜುಶ್ರೀ ಒಂದು ಗಳಿಗೆಯೂ ಯೋಚಿಸಿರಲಿಲ್ಲ. "ಮಷೀನ್ ಸುಳ್ಳು ಹೇಳಂಗಿಲ್ಲ" ಎಂದುಬಿಟ್ಟಿದ್ದಳು. ರೇವಣಪ್ಪ ಇನ್ನು ಕೆಲಸಕ್ಕೆ ಬರಬೇಡವೆಂದಾಗ ಸಂಗಮ್ಮ ಊಟದ ಡಬ್ಬಿ ತೆಗೆದುಕೊಂಡು ಗೇಟಿನ ಕಡೆ ನಡೆದಿದ್ದಳು.

ಈಗ ರೇವಣಪ್ಪನನ್ನು ಕರೆದು ಕಿತ್ತ ಕೇಬಲ್ಲನ್ನೂ ಪರದೆಯನ್ನೂ ತೋರಿಸಿದಳು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ದುರುಸ್ತಿ ಮಾಡಿಬಿಡವಾ. ಆಕಿನ್ನ ಬ್ಯಾರೆ ಲೈನಿಗಿ ಕರಸ್ತೀನಿ. ಸುಮ್ಮನ ಯಾಕ ಬಾಯಿ ಬಿಡ್ತಿ?"

ಕ್ಷಣಕಾಲ ಅವಳಿಗೆ ಹಗುರವೆನಿಸಿತು. ಹಾಗೆನಿಸಿದ್ದಕ್ಕೇ ತಲೆ ಎತ್ತಲಾಗಲಿಲ್ಲ.

"ಬ್ಯಾಡ್ರಿ ಕಾಕಾ. ಎಲ್ಲರ ಮುಂದ ಅಂದೀವಿ, ಎಲ್ಲರ ಮುಂದನ ಹೇಳ್ಬೇಕು."

ಹೇಳಿಕಳಿಸಿದ್ದಕ್ಕೆ ಮರುದಿನ ಸಂಗಮ್ಮ ಬಂದಳು. ಶಿಫ್ಟ್ ಶುರುವಾಗುವ ಮುನ್ನ ಮಂಜುಶ್ರೀ ಲೈನಿನವರ ಎದುರು ನಿಂತು, ತಪ್ಪು ಪ್ರೋಗ್ರಾಮಿನದೆಂದು ಹಿಂದಿಯಲ್ಲಿ ಹೇಳಿದಳು. ಅದೂ ಅರ್ಧ ಸುಳ್ಳೆನಿಸಿತು. "ಗಲತೀ ಮೇರೀ ಥೀ," ತಪ್ಪು ನನ್ನದೇ, ಎಂದಳು. ಆಮೇಲೆ ಸಂಗಮ್ಮನತ್ತ ತಿರುಗಿ ಕನ್ನಡದಲ್ಲಿ ತಡವರಿಸಿದಳು, "ಮಾಫ್ ಮಾಡ್ರಿ. ನೋಡದನ ಅಂದೆ ನಾ."

"ನಮ್ಮ ಸೊಸಿ ಬಾಜೂ ಕಂಪನಿಗಿ ಬರ್ತಾಳ್ರಿ," ಸಂಗಮ್ಮ ಮೆಲ್ಲಗೆ ಹೇಳಿದಳು. "ನಾ ಮನಿ ಮುಟ್ಟೂದ್ರಾಗ ಆಕಿಗಿ ಸುದ್ದಿ ಮುಟ್ಟಿತ್ತು. ಉಂಡಿ ಏನು ಅಂತ ಸೈತ ಕೇಳಲಿಲ್ಲ."

ಸಂಗಮ್ಮ ಸೆರಗು ಸಿಕ್ಕಿಸಿಕೊಂಡು ಗೇಜಿನ ಮುಂದೆ ಕೂತಳು. ಟ್ರೇಯಿಂದ ಒಂದು ಪಿನ್ನು ತೆಗೆದು, ರೇವಣಪ್ಪ ನಿಂತ ಕಡೆಗೆ ಕೈ ಎತ್ತಿ ತೋರಿಸಿ, ಅವನು ನೋಡಿದನೆಂದು ಖಾತ್ರಿಯಾದ ಮೇಲೆ ಗೇಜಿಗಿಟ್ಟಳು. ಎರಡನೆಯದನ್ನೂ ಎತ್ತಿ ತೋರಿಸಿದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.