ಚೀಲ ಹೊದ್ದ ಸೂಕ್ಷ್ಮದರ್ಶಕ

ಹೆಡ್‌ಮೇಷ್ಟ್ರ ಮನೆಯಲ್ಲಿ ಒಳ್ಳೆಯ ವಸ್ತು ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಯಾವುದನ್ನು ಮುಟ್ಟಬಾರದೋ ಅದೇ ಒಳ್ಳೆಯದು. ಸೋಫಾಕ್ಕೆ ಅಂಗಡಿಯಲ್ಲಿ ಹೊದಿಸಿದ್ದ ಪ್ಲಾಸ್ಟಿಕ್ ಇನ್ನೂ ಹಾಗೆಯೇ ಇತ್ತು; ಬಂದವರು ಮೆಲ್ಲಗೆ ಜಾರುತ್ತ ಮಾತಾಡಿ, ನೆಲ ಮುಟ್ಟುವ ಮೊದಲೇ ಎದ್ದು ಹೋಗುತ್ತಿದ್ದರು. ಮನೆಯ ಬೀಗದ ಕೈಗಳೆಲ್ಲ ಅಜ್ಜಿಯ ಸೊಂಟದಲ್ಲಿದ್ದವು. ಶಾಲೆಯ ವಿಜ್ಞಾನದ ಬೀರುವಿನ ಕೀಲಿಯೂ ಅದೇ ಗೊಂಚಲಿನಲ್ಲಿತ್ತು. ಮೇಷ್ಟ್ರಿಗೆ ತಾಯಿಯ ಸೊಂಟದಷ್ಟು ಭದ್ರವಾದ ಜಾಗ ಬೇರೆ ಕಂಡಿರಲಿಲ್ಲ.

ಆ ಬೀರುವಿನಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ಬಂದ ದಿನದ ಪ್ಲಾಸ್ಟಿಕ್ ಚೀಲ, ಅದರ ಬುಡಕ್ಕೆ ಕಟ್ಟಿದ ದಾರ, ಯಾವುದೂ ಬಿಚ್ಚಿರಲಿಲ್ಲ. ಮಕ್ಕಳು ಅದನ್ನು ಬೀರುವಿನ ಗಾಜಿನಾಚೆಯಿಂದ ನೋಡಿ, ಸಾಲಾಗಿ ಮುಂದೆ ಹೋಗುತ್ತಿದ್ದರು. ಆ ಶಾಲೆಯಲ್ಲಿ ಇದಕ್ಕೆ ಪ್ರಯೋಗದ ಪೀರಿಯಡ್ ಎಂದು ಹೆಸರು.

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದ ಚಿತ್ರ ಬಿಡಿಸಿರೆಂದು ಕೇಳಿದರು. ಇಡೀ ತರಗತಿ ಬಿಡಿಸಿದ್ದು ಒಂದೇ ಚಿತ್ರ: ಚೀಲ, ಚೀಲದ ನೆರಿಗೆ, ದಾರದ ಗಂಟು. ಮೇಷ್ಟ್ರ ಮಗಳು ಗಂಟಿನಿಂದ ಜೋತಾಡುವ ಬೆಲೆಚೀಟಿಯನ್ನೂ ಬಿಡದೆ ಬಿಡಿಸಿದ್ದಳು. ಪ್ರಯೋಗದ ಉಳಿದ ಪ್ರಶ್ನೆಗಳ ಗತಿಯೂ ಅದೇ ಆಗಿ, ವಿಜ್ಞಾನದಲ್ಲಿ ಮುಕ್ಕಾಲು ತರಗತಿ ಫೇಲಾಯಿತು. ಅವಳೂ ಫೇಲು.

“ತಲೆಯಲ್ಲಿ ಬರೀ ಮಣ್ಣು!” ಎಂದರು ಮೇಷ್ಟ್ರು. “ಮರುಪರೀಕ್ಷೆಯಲ್ಲೂ ಹೋಯ್ತೋ, ಓದು ಮುಗೀತು. ಚಿಕ್ಕಪ್ಪನ ಹಿಟ್ಟಿನ ಗಿರಣಿಗೆ ಹೋಗಿ ಕೂತ್ಕೋ.”

ನರ್ಸ್ ಆಗಬೇಕೆಂದಿದ್ದ ಹುಡುಗಿ ಅಂದು ಊಟ ಬಿಟ್ಟಳು.

ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರ್ ಕೀಲಿ ಕೇಳಲು ಮನೆಗೇ ಬಂದಳು. ಸೋಫಾದಲ್ಲಿ ಕೂತು, ಜಾರದಂತೆ ಕೈ ಊರಿಕೊಂಡಳು.

“ಮಕ್ಕಳು ಮುಟ್ಟಿದರೆ ಹಾಳಾಗುತ್ತೆ ಟೀಚರ್,” ಎಂದರು ಮೇಷ್ಟ್ರು.

“ಮುಟ್ಟದೆ ಮಕ್ಕಳು ಹಾಳಾದರಲ್ಲ ಸಾರ್?”

ಅಜ್ಜಿ ಮುಂದೆ ಬಂದಳು. “ನೋಡಮ್ಮ, ಆ ಗಾಜಿನ ಲೋಟಗಳು ನನ್ನ ಮದುವೆಯವು. ಇವತ್ತಿಗೂ ಒಂದೂ ಒಡೆದಿಲ್ಲ.”

“ಅದರಲ್ಲಿ ಯಾವತ್ತಾದರೂ ನೀರು ಕುಡಿದಿದ್ದೀರಾ ಅಜ್ಜಿ?”

“ಕುಡಿದಿದ್ರೆ ಒಡೀತಿರಲಿಲ್ವೇನೇ! ಓದಿದೋಳು, ಇಷ್ಟೂ ತಿಳಿಯಲ್ವಲ್ಲ ನಿನಗೆ.”

ಟೀಚರ್ ಬರಿಗೈಯಲ್ಲಿ ಹೋದಳು.

ಫಲಿತಾಂಶ ಇಷ್ಟು ಕೆಟ್ಟದ್ದೇಕೆಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವ ಸುದ್ದಿ ಬಂತು. ಅವರು ಬಂದ ದಿನ ಬೀರು ತೆರೆಯಿತು, ಚೀಲ ಕಳಚಿತು. ಮೇಷ್ಟ್ರು ಮಗಳನ್ನೇ ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿ, “ಜೀವಕೋಶ ಸ್ಪಷ್ಟವಾಗಿ ಕಾಣ್ತಿದೆ ಸಾರ್ ಅನ್ನು. ಬೇರೇನೂ ಬೇಡ,” ಎಂದು ಪಾಠ ಹೇಳಿಕೊಟ್ಟರು.

“ಏನು ಕಾಣುತ್ತಮ್ಮ?” ಎಂದು ಕೇಳಿದರು ಸಾಹೇಬರು.

ಹುಡುಗಿ ಅಪ್ಪನ ಮುಖ ನೋಡಿದಳು. “ಏನೂ ಕಾಣಲ್ಲ ಸಾರ್. ಇದರ ಚೀಲ ಬಿಚ್ಚಿದ್ದೇ ಇವತ್ತು.”

ಸಾಹೇಬರು ತಾವೇ ಬಗ್ಗಿ ನೋಡಿದರು. “ಏನ್ರೀ ಮೇಷ್ಟ್ರೇ, ಗಾಜಿಗೆ ಬೂಷ್ಟು ಹಿಡಿದಿದೆ!”

“ಸಾಧ್ಯವೇ ಇಲ್ಲ ಸಾರ್! ಇದನ್ನ ಯಾರೂ ಮುಟ್ಟೇ ಇಲ್ಲ!”

“ಅದು ಗೊತ್ತಾಯ್ತು ಬಿಡಿ,” ಎಂದು ಸಾಹೇಬರು ಹೊರಟುಹೋದರು.

ಇಂಥ ಬೀರುಗಳು ಇದೊಂದೇ ಶಾಲೆಯಲ್ಲಿಲ್ಲ. ಸಾಮಾನು ಹೊಸದಾಗಿ ಉಳಿಯಿತೆಂದು ಹಿರಿಯರು ಹಿಗ್ಗುವ ಕಡೆಯಲ್ಲೆಲ್ಲ ಮಕ್ಕಳೇ ಅದರ ಬೆಲೆ ತೆರುತ್ತಾರೆ.

ಸಾಹೇಬರ ಬೆನ್ನು ಮರೆಯಾದದ್ದೇ ಮೇಷ್ಟ್ರು ಮತ್ತೆ ಚೀಲ ಕೈಗೆತ್ತಿಕೊಂಡರು. ಮಗಳು ಅಡ್ಡ ನಿಂತಳು.

“ಸರಿ ಆ ಕಡೆ!”

“ಸರಿಯಲ್ಲ. ಬೀಗ ಹಾಕೋದಾದರೆ ನನ್ನನ್ನೂ ಬೀರುವಿನಲ್ಲಿಡಿ ಅಪ್ಪ. ನನ್ನ ತಲೇನೂ ಹೊಸದಾಗೇ ಇದೆ, ಯಾರೂ ಬಳಸಿಲ್ಲ.”

ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳು ನಗಲು ಹೆದರಿ ಕೆಮ್ಮಿದರು. ಮೇಷ್ಟ್ರ ಕೈ ಚೀಲದೊಡನೆ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಟೀಚರ್ ಸ್ಪಿರಿಟ್ಟಿನ ಹತ್ತಿಯಿಂದ ಗಾಜು ಒರೆಸತೊಡಗಿದ್ದಳು. ಈರುಳ್ಳಿಯ ತೆಳು ಪೊರೆಯೊಂದನ್ನು ಕೆಳಗಿಟ್ಟು, ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುವುದನ್ನು ಹುಡುಗಿಗೆ ತೋರಿಸಿದಳು.

ಹುಡುಗಿ ಬಗ್ಗಿದಳು, ತಿರುಪು ತಿರುಗಿಸಿದಳು, ತಟ್ಟನೆ ಕೂಗಿದಳು. “ಇಟ್ಟಿಗೆ ಗೋಡೆ ಥರ ಇದೆ! ಅಪ್ಪ, ಬನ್ನಿ, ನೋಡಿ ಬನ್ನಿ!”

ಇಷ್ಟು ವರ್ಷ ವಿಜ್ಞಾನ ಕಲಿಸಿದ್ದ ಮೇಷ್ಟ್ರು ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, ಸೂಕ್ಷ್ಮದರ್ಶಕದ ಕೊಳವೆಗೆ ಮೊದಲ ಸಲ ಕಣ್ಣಿಟ್ಟರು.

“ಕತ್ತಲೆ ಕಣೇ.”

ಮಗಳು ಬಗ್ಗಿ ಅವರ ಮುಖ ನೋಡಿದಳು.

“ಮುಚ್ಚಬೇಕಾದ್ದು ಕೊಳವೆಗಿಟ್ಟ ಕಣ್ಣಲ್ಲ ಅಪ್ಪ. ಇದನ್ನ ತೆರೀರಿ.”